ಲಾರಿ ಟಯರಿನ ಗಾಳಿ

ನನ್ನ ಗಂಡ ಮೊಯ್ದಿನ್ ಕುಂಞಿಯವರಿಗೆ ಊರಲ್ಲೂ ದೋಹಾದಲ್ಲೂ ಒಳ್ಳೆಯ ಹೆಸರು. ಅಲ್ಲಿನ ಅಲ್ ಮುಂತಜಾ ಬಡಾವಣೆಯಲ್ಲಿ ಸ್ವಂತ ದಿನಸಿ ಅಂಗಡಿ, ಬಂದವರಿಗೆ ಚಹಾ, ಎದುರು ಸಿಕ್ಕಿದವರಿಗೆ ಸಲಾಂ, ಹೆಂಡತಿಯ ತಮ್ಮನಿಗೆ ವೀಸಾ. ಇಂಥವರ ಬಗ್ಗೆ ನಾನು ಎರಡು ಮಾತು ಆಡಿದರೆ ಉಂಡ ಮನೆಯ ಜಂತೆ ಎಣಿಸುವವಳು ಅನ್ನುತ್ತಾರೆ. ಅನ್ನಲಿ. ಆ ಮನೆಯ ಅನ್ನ ಬೇಯಿಸಿದವಳೂ ನಾನೇ.

ಸ್ವಂತ ಅಂಗಡಿ ಅಂದೆನಲ್ಲ, ಅದೂ ಪೂರ್ತಿ ಸರಿಯಲ್ಲ. ಕತಾರಿನಲ್ಲಿ ನಮ್ಮಂಥವರ ಅಂಗಡಿ ಕಾಗದದಲ್ಲಿ ಅಲ್ಲಿಯವರ ಹೆಸರಲ್ಲಿರಬೇಕು. ನಮ್ಮದು ಅಬು ಜಾಸಿಮ್ ಎಂಬ ವಯಸ್ಸಾದವರ ಹೆಸರಲ್ಲಿತ್ತು. ಅವರು ನಮ್ಮ ಕಫೀಲ್. ಅಂಗಡಿಯ ಪರವಾನಗಿಯಲ್ಲಿ ಅವರ ಹೆಸರು, ನಮ್ಮೆಲ್ಲರ ವೀಸಾದಲ್ಲಿ ಅವರ ಸಹಿ. ನನ್ನ ತಮ್ಮ ಸಫ್ವಾನ್ ಬೇರೆ ಕಡೆ ಕೆಲಸಕ್ಕೆ ಸೇರಬೇಕಾದರೆ ಇವನನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಅವರೇ ಬರೆದುಕೊಡಬೇಕು. ಅದಕ್ಕೆ ಎಲ್ಲರೂ ರಿಲೀಸ್ ಅನ್ನುತ್ತಿದ್ದರು. ನಾನು ಹೇಳಹೊರಟಿರುವ ವಾರದಲ್ಲಿ ನಾನೂ ನನ್ನ ತಮ್ಮನೂ ಹಗಲಿಡೀ ಧ್ಯಾನಿಸಿದ್ದು ಆ ರಿಲೀಸನ್ನು, ಮತ್ತು ಒಂದು ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರನ್ನು.

ಸಫ್ವಾನ್ ಊರಲ್ಲಿ ಬೈಕ್ ಓಡಿಸುತ್ತಿದ್ದ. ಓಡಿಸುವುದೆಂದರೆ ಪೇಟೆಗೆ ಹೋಗಿ ಮೀನು ತರುವುದಲ್ಲ. ಮೈದಾನದಲ್ಲಿ ಮಣ್ಣಿನ ದಿಬ್ಬ ಕಟ್ಟಿ, ಹೊಂಡ ತೋಡಿ ರೇಸ್ ಮಾಡುತ್ತಾರಲ್ಲ, ಅದರಲ್ಲಿ. ಮಂಗಳೂರಿನಲ್ಲಿ ಗೆದ್ದಿದ್ದ, ಶಿವಮೊಗ್ಗದಲ್ಲಿ ಗೆದ್ದಿದ್ದ. ಕಪ್ಪುಗಳಿಗೆ ಕಪಾಟಿನಲ್ಲಿ ಜಾಗ ಸಾಲದೆ ಉಮ್ಮ ಒಂದರಲ್ಲಿ ಸೂಜಿ ನೂಲು ಹಾಕಿಡುತ್ತಿದ್ದರು. ಆದರೆ ಕಪ್ಪಿನಿಂದ ಗಂಜಿ ಬೇಯುವುದಿಲ್ಲ. ಬೈಕಿನ ಹುಚ್ಚು ಬಿಡಿಸಿ ಮನುಷ್ಯನನ್ನಾಗಿ ಮಾಡುತ್ತೇನೆ ಎಂದು ನನ್ನ ಗಂಡ ತೊಂಬತ್ತನಾಲ್ಕರಲ್ಲಿ ಅವನನ್ನು ಕರೆಸಿಕೊಂಡರು. ಉಮ್ಮ ಫೋನಿನಲ್ಲಿ ಅತ್ತು ದುಆ ಮಾಡಿದರು.

ಮನುಷ್ಯನನ್ನಾಗಿ ಮಾಡುವುದೆಂದರೆ ಏನೆಂದು ಆಮೇಲೆ ತಿಳಿಯಿತು. ನಸುಕಿನ ಸುಬಹಿ ನಮಾಜು ಮುಗಿದ ಕೂಡಲೇ ತರಕಾರಿ ಮಾರ್ಕೆಟ್ಟಿಗೆ ಪಿಕಪ್ ಓಡಿಸುವುದು, ಚೀಲ ಇಳಿಸುವುದು, ಫ್ಲಾಟುಗಳ ಮೆಟ್ಟಿಲು ಹತ್ತಿ ನೀರಿನ ಕ್ಯಾನ್, ಗ್ಯಾಸ್ ಸಿಲಿಂಡರ್ ಮುಟ್ಟಿಸುವುದು, ಸಂಜೆ ಮತ್ತೆ ಗಲ್ಲಾದ ಎದುರು. ಹೊರಗಿನ ಕೆಲಸದವನಾಗಿದ್ದರೆ ಶುಕ್ರವಾರ ರಜೆ ಕೇಳಿಯಾನು. ಹೆಂಡತಿಯ ತಮ್ಮ ಕೇಳುತ್ತಾನೆಯೇ? ಮನೆಯವನೆಂದು ಕರೆದರೆ ಸಾಕು, ಕತ್ತೆಗೂ ಕೊರಳಲ್ಲಿ ಹೂವಿನ ಹಾರ ಬಿದ್ದಂತಾಗುತ್ತದೆ.

ಬೈಕ್ ಬಂದದ್ದು ಹೀಗೆ. ಓಲ್ಡ್ ಏರ್‌ಪೋರ್ಟ್ ಕಡೆಯ ಒಂದು ವಿಲ್ಲಾದಲ್ಲಿ ಒಬ್ಬ ಬ್ರಿಟಿಷ್ ಎಂಜಿನಿಯರ್ ಇದ್ದ, ಸಫ್ವಾನ್ ಅಲ್ಲಿಗೆ ನೀರಿನ ಕ್ಯಾನ್ ಹಾಕುತ್ತಿದ್ದ. ಅವನ ಶೆಡ್ಡಿನಲ್ಲಿದ್ದ ಜಪಾನಿನ ಮರಳು ಬೈಕನ್ನು ಇವನು ದಿನಾ ನೋಡಿ ನೋಡಿ ಜೊಲ್ಲು ಸುರಿಸಿದ್ದಾನೆ. ಎಂಜಿನಿಯರ್ ದೇಶ ಬಿಡುವಾಗ, ಇದರ ಹಿಂದಿನ ಶಾಕ್ ಸತ್ತಿದೆ, ಯಾರಿಗೂ ಬೇಡ, ಬೇಕಾದರೆ ನೀನು ತಗೋ ಎಂದ. ಜೊತೆಗೆ ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಎಣ್ಣೆ ಸೋರದಂತೆ ತಡೆಯುವ ಬಿಚ್ಚದ ಹೊಸ ಸೀಲ್, ಒಂದು ಡಬ್ಬಿ ಶಾಕ್ ಎಣ್ಣೆ. ತರಿಸಿಟ್ಟಿದ್ದ, ಹಾಕಲು ಪುರುಸೊತ್ತು ಆಗಿರಲಿಲ್ಲ. ಸಫ್ವಾನ್ ಬೈಕನ್ನು ಪಿಕಪ್ಪಿನಲ್ಲಿ ತಂದು ಅಂಗಡಿಯ ಹಿಂದಿರುವ ನಮ್ಮ ಮನೆಯ ಅಂಗಳದಲ್ಲಿ ನಿಲ್ಲಿಸಿ ನನ್ನ ಹಳೆಯ ಬೆಡ್‌ಶೀಟು ಹೊದೆಸಿದ.

ಕೆಲವು ತಿಂಗಳು ಅದು ಹಾಗೆಯೇ ಇತ್ತು. ಆಮೇಲೆ ಲಿಯೋ ಬಂದ. ಲಿಯೋ ನಮ್ಮ ಬಜ್ಪೆ ಕಡೆಯ ಕ್ರಿಸ್ತರವನು, ಸಲ್ವಾ ರಸ್ತೆಯ ಒಂದು ಬೈಕ್ ಅಂಗಡಿಯಲ್ಲಿ ಫೋರ್‌ಮನ್. ಕುಚ್ಚಲಕ್ಕಿ ಹುಡುಕಿಕೊಂಡು ಬಂದವನು ಸಫ್ವಾನನ ಮುಖ ನೋಡಿ ಅಕ್ಕಿಯನ್ನೇ ಮರೆತ.

“ನೀನು ಮಂಗಳೂರಲ್ಲಿ ಡರ್ಟ್ ಟ್ರ್ಯಾಕ್ ಓಡ್ಸಿದವ ಅಲ್ವಾ ಮಾರಾಯ? ಇಲ್ಲಿ ಈರುಳ್ಳಿ ತೂಗ್ತಾ ಇದ್ದೀಯಾ?”

ಸಫ್ವಾನ್ ನಾಚಿಕೊಂಡ. ಲಿಯೋ ಬಿಡಲಿಲ್ಲ. ಅವನ ಅಂಗಡಿಯ ಧಣಿಗೆ ಮರಳಿನ ರೇಸಿನಲ್ಲಿ ಓಡಿಸಲು ಒಬ್ಬ ಬೇಕಾಗಿತ್ತು, ಬಾಕಿ ದಿನ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಕೆಲಸ. “ಬರುವ ಶುಕ್ರವಾರ ಜುಮಾ ಆದ ಮೇಲೆ ಮೆಸಯೀದ್ ಆಚೆ ಮರಳಲ್ಲಿ ರೇಸ್ ಉಂಟು. ಧಣಿ ಬರ್ತಾರೆ. ನಿನ್ನದೇ ಬೈಕ್ ತಗೊಂಡು ಬಾ, ಓಡ್ಸಿ ತೋರ್ಸು. ನೀನು ರಿಲೀಸ್ ಒಂದು ತಂದ್ರೆ ವೀಸಾ ಅವರು ಮಾಡ್ತಾರೆ” ಎಂದ.

ಆ ರಾತ್ರಿ ಊಟಕ್ಕೆ ಕೂತಾಗ ಸಫ್ವಾನ್ ಭಾವನಿಗೆ ವಿಷಯ ಹೇಳಿದ. ನನ್ನ ಗಂಡ ಮೀನಿನ ಮುಳ್ಳು ಬಿಡಿಸುತ್ತಾ, “ನೋಡುವ. ಇನ್ಶಾ ಅಲ್ಲಾಹ್” ಎಂದರು. ಇನ್ಶಾ ಅಲ್ಲಾಹ್ ಎಂಬುದು ಪವಿತ್ರ ಮಾತು. ಆದರೆ ನನ್ನ ಗಂಡನ ಬಾಯಲ್ಲಿ ಅದು ಯಾವಾಗ ಹೌದು, ಯಾವಾಗ ಇಲ್ಲ ಎಂದು ಸ್ವರದಲ್ಲೇ ನನಗೆ ಗೊತ್ತಾಗುತ್ತದೆ. ಅವತ್ತಿನದು ಇಲ್ಲ ಎಂಬ ಸ್ವರ. ಸಫ್ವಾನನಿಗೆ ಏನೂ ಗೊತ್ತಾಗಲಿಲ್ಲ, ಮತ್ತೊಂದು ತುಂಡು ಮೀನು ಹಾಕಿಸಿಕೊಂಡ.

ಶಾಕ್ ಅಂದರೆ ಏನು ಎಂದು ನಾನು ಆ ವಾರ ಕಲಿತೆ. ಸೀಟಿನ ಕೆಳಗೆ ದಪ್ಪ ಸ್ಪ್ರಿಂಗಿನ ಒಳಗೆ ಒಂದು ಕೊಳವೆ, ಕೊಳವೆಯ ಒಳಗೆ ಎಣ್ಣೆ, ಎಣ್ಣೆಯಲ್ಲಿ ಮೇಲೆ ಕೆಳಗೆ ಆಡುವ ಒಂದು ಹೊಳೆಯುವ ರಾಡು. ಬದಿಯಲ್ಲಿ ಇನ್ನೊಂದು ಸಣ್ಣ ಡಬ್ಬಿ, ಅದರಲ್ಲಿ ಒತ್ತಿ ತುಂಬಿದ ಗಾಳಿ. ಬೈಕ್ ದಿಬ್ಬ ಹಾರಿ ಬಿದ್ದಾಗ ಸ್ಪ್ರಿಂಗ್ ಕುಸಿಯುತ್ತದೆ, ಎಣ್ಣೆ ಅದನ್ನು ನಿಧಾನಕ್ಕೆ ಎತ್ತುತ್ತದೆ. ಸೀಲ್ ಹರಿದು ಎಣ್ಣೆ ಸೋರಿದರೆ ಸ್ಪ್ರಿಂಗಿಗೆ ಹಿಡಿತ ಇಲ್ಲ, ಓಡಿಸುವವನನ್ನು ಚೆಂಡಿನ ಹಾಗೆ ಮೇಲಕ್ಕೆ ಎಸೆಯುತ್ತದೆ. “ಇದು ಸರಿ ಇಲ್ಲದೆ ಓಡಿಸಿದ್ರೆ ಮೊದಲನೇ ದಿಬ್ಬದಲ್ಲೇ ನನ್ನ ಸೊಂಟ ಮುರೀತದೆ ಅಕ್ಕ” ಎಂದ.

ಮಧ್ಯಾಹ್ನ ಅಂಗಡಿ ಮುಚ್ಚಿ ನನ್ನ ಗಂಡ ಊಟ ಮಾಡಿ ಮಲಗಿದರೆಂದರೆ ಇವನು ಅಂಗಳದಲ್ಲಿ ಚಾಪೆ ಹಾಸುತ್ತಿದ್ದ. ಮೊದಲು ಅಂಗಳ ಗುಡಿಸಿ ನೀರು ಚಿಮುಕಿಸಬೇಕು, ಒಂದು ಕಣ ಮರಳು ಒಳಗೆ ಹೋದರೂ ಹೊಸ ಸೀಲು ಹರಿದಂತೆ. ಮರಳುಗಾಡಿನ ನಡುವೆ ಕೂತು ಮರಳು ಬಾರದ ಹಾಗೆ ನೋಡಿಕೊಳ್ಳುವುದು! ಅದು ನನ್ನ ಕೆಲಸ. ಅವನ ಬಳಿ ಇದ್ದದ್ದು ಪಿಕಪ್ಪಿನ ಸ್ಪಾನರುಗಳು, ಒಂದು ಸುತ್ತಿಗೆ, ಸ್ಕ್ರೂಡ್ರೈವರು, ಮೂತಿ ಉದ್ದದ ಇಕ್ಕಳ. ಪಕ್ಕದ ಬೀಗದ ಕೀ ಮಾಡುವವನಿಂದ ವಸ್ತುವನ್ನು ಕಚ್ಚಿ ಹಿಡಿಯುವ ಒಂದು ಸಣ್ಣ ವೈಸ್ ತಂದು ಹಲಗೆಗೆ ಬಿಗಿದಿದ್ದ. ಅದರ ಹಲ್ಲು ರಾಡಿಗೆ ಗೀರು ಹಾಕಬಾರದೆಂದು ಪೆಪ್ಸಿ ಟಿನ್ನು ಕತ್ತರಿಸಿ ಎರಡು ಕಡೆ ಹೊದೆಸಿದ.

ಹಿಂದಿನ ಚಕ್ರ ಕಳಚಿ ಶಾಕನ್ನು ಹೊರಗೆಳೆದ. ಮೇಲಿನ ಬಳೆಯನ್ನು ಸುತ್ತಿಗೆಯಿಂದ ಮೆಲ್ಲ ಮೆಲ್ಲ ತಟ್ಟಿ ತಿರುಗಿಸಿದ, ಸ್ಪ್ರಿಂಗ್ ಸಡಿಲವಾಗಿ ಕೈಗೆ ಬಂತು. ಸಣ್ಣ ಡಬ್ಬಿಯ ವಾಲ್ವಿನ ಮುಚ್ಚಳ ತೆಗೆದು, “ಮುಖ ಆಚೆ ಮಾಡು” ಎಂದು ಮೊಳೆಯ ತುದಿಯಿಂದ ಒತ್ತಿದ. ಬುಸ್ಸೆಂದು ಉಳಿದ ಗಾಳಿ ಹೋಯಿತು. ಆಮೇಲೆ ಸೀಲಿನ ಮುಚ್ಚಳವನ್ನು ಕೆಳಕ್ಕೆ ತಳ್ಳಿ, ಅದನ್ನು ಹಿಡಿದಿದ್ದ ತಂತಿಯ ಬಳೆಯನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಬೇಕು. ಅದಕ್ಕೆ ಮೂರು ಕೈ ಬೇಕು. ಒಂದು ಕೈ ನಾನು ಕೊಟ್ಟೆ. ಬಳೆ ಸಿಡಿದು ನನ್ನ ಬೆರಳು ಕೊಯ್ದಿತು, ಅವನು ನನ್ನ ಬೆರಳು ಬಿಟ್ಟು ಬಳೆ ಎಲ್ಲಿ ಬಿತ್ತೆಂದು ಹುಡುಕಿದ. ಬೈದೆ. ಇಬ್ಬರೂ ನಕ್ಕೆವು.

ರಾಡು ಹೊರಬಂದಾಗ ಒಳಗಿನ ಎಣ್ಣೆ ಕೊಳೆತ ಮೀನಿನ ನೀರಿನಂತಿತ್ತು. ರಾಡಿನ ತುದಿಯಲ್ಲಿ ಕಾಗದದಷ್ಟು ತೆಳ್ಳಗಿನ ಉಕ್ಕಿನ ಬಿಲ್ಲೆಗಳು, ಒಂದರ ಮೇಲೊಂದು, ಒಂದು ದೊಡ್ಡದು, ಒಂದು ಚಿಕ್ಕದು. ಎಣ್ಣೆ ಎಷ್ಟು ನಿಧಾನಕ್ಕೆ ಹರಿಯಬೇಕೆಂದು ಹೇಳುವವು ಅವೇ, ಅವುಗಳ ಸಾಲು ತಪ್ಪಿದರೆ ಮುಗಿಯಿತು. ನನ್ನ ಶಾಲಿನ ಪಿನ್ನು ಕೇಳಿ ತೆಗೆದುಕೊಂಡು ಅವನ್ನು ಸಾಲಾಗಿ ಅದರಲ್ಲೇ ಪೋಣಿಸಿದ. ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದು ನೋಡಿ ಮತ್ತೆ ಪೋಣಿಸಿದ. ಹೊಸ ಸೀಲು ತೊಡಿಸುವಾಗ ರಾಡಿನ ತುದಿಯ ತಿರುಪಿನ ಗೆರೆಗಳಿಗೆ ತಾಗಿ ಅದರ ತುಟಿ ಹರಿಯಬಾರದೆಂದು ಅಂಗಡಿಯ ಪ್ಲಾಸ್ಟಿಕ್ ಚೀಲ ಸುತ್ತಿ ಎಣ್ಣೆ ಸವರಿ ಜಾರಿಸಿದ. ಹೊಸ ಎಣ್ಣೆ ಹೊಯ್ದು ರಾಡನ್ನು ಮೇಲೆ ಕೆಳಗೆ ಆಡಿಸುತ್ತಾ ಕೂತ. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಮೇಲೆ ಬರುತ್ತಲೇ ಇದ್ದವು. ನಾನು ಮರದ ಸೌಟಿನ ಹಿಡಿಯಿಂದ ಕೊಳವೆಯನ್ನು ತಟ್ಟುತ್ತಿದ್ದೆ.

“ಸಾಕಲ್ಲ, ಎಲ್ಲ ಬಂತು” ಎಂದೆ.

“ಒಂದು ಗುಳ್ಳೆ ಒಳಗೆ ಉಳಿದ್ರೂ ಎಣ್ಣೆ ನೊರೆ ಆಗ್ತದೆ. ತಟ್ಟು ಅಕ್ಕ.”

ತಟ್ಟಿದೆ. ಊರಲ್ಲಿ ಇವನು ಸಣ್ಣವನಿದ್ದಾಗ ತೊಡೆ ಮೇಲೆ ಹಾಕಿಕೊಂಡು ತಟ್ಟಿ ಮಲಗಿಸಿದವಳೂ ನಾನೇ. ದೋಹಾಕ್ಕೆ ಬಂದ ಮೇಲೆ ಅವನ ಮುಖದಲ್ಲಿ ಇಷ್ಟು ಜೀವ ನಾನು ನೋಡಿರಲಿಲ್ಲ. ನನಗೂ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ? ಮದುವೆಯಾಗಿ ಬಂದ ಮೇಲೆ ನಾನು ಅಡುಗೆ ಬಿಟ್ಟು ಬೇರೆ ಒಂದು ಕೆಲಸಕ್ಕೆ ಕೈ ಹಾಕಿದ್ದು ಅದೇ ಮೊದಲು.

ಒಂದೇ ಒಂದು ಕೊರತೆ ಉಳಿಯಿತು. ಸಣ್ಣ ಡಬ್ಬಿಗೆ ನೈಟ್ರೋಜನ್ ತುಂಬಬೇಕು. ಅದರಲ್ಲಿ ನೀರಿನ ಪಸೆ ಇರುವುದಿಲ್ಲ, ಕಾದರೂ ಹದ ತಪ್ಪುವುದಿಲ್ಲ. ಅದು ನಮಗೆ ಎಲ್ಲಿಂದ ಸಿಗಬೇಕು? ಗುರುವಾರ ಮಧ್ಯಾಹ್ನ ಶಾಕನ್ನು ಮಡಿಲಲ್ಲಿಟ್ಟುಕೊಂಡು ಪಂಕ್ಚರ್ ಅಂಗಡಿಗೆ ಹೋಗಿ, ಲಾರಿ ಟಯರಿಗೆ ಹಿಡಿಯುವ ಗಾಳಿಯನ್ನೇ ಒತ್ತಿಸಿಕೊಂಡು ಬಂದ. “ಒಂದು ರೇಸಿಗೆ ಸಾಕು. ಹೆಚ್ಚು ನಂಬ್ಲಿಕ್ಕೆ ಆಗುದಿಲ್ಲ” ಎಂದ. ಬೈಕಿಗೆ ಜೋಡಿಸಿ ನನ್ನನ್ನು ಸೀಟಿನ ಮೇಲೆ ಕೈ ಊರಿ ಒತ್ತಲು ಹೇಳಿದ. ಒತ್ತಿದೆ. ಕುಸಿಯಿತು, ಮತ್ತೆ ಅವಸರವಿಲ್ಲದೆ ಎದ್ದು ನಿಂತಿತು. ಸಫ್ವಾನ್ ಕಣ್ಣೊರೆಸಿಕೊಂಡ. ಎಣ್ಣೆ ಕೈ, ಮುಖವೆಲ್ಲ ಕಪ್ಪಾಯಿತು.

ಅಬು ಜಾಸಿಮರ ಮಗ ಜಾಸಿಮ್ ಬಂದದ್ದು ಅದೇ ಸಂಜೆ.

ಇಲ್ಲಿ ಒಂದು ಮಾತು ಹೇಳಬೇಕು. ಅರಬರ ಮರ್ಯಾದೆಯಲ್ಲಿ ನಿಮ್ಮ ವಸ್ತುವನ್ನು ಯಾರಾದರೂ ಮೆಚ್ಚಿದರೆ, ತಫದ್ದಲ್, ಇದು ನಿಮ್ಮದೇ, ತೆಗೆದುಕೊಳ್ಳಿ ಅನ್ನಬೇಕು. ಮೆಚ್ಚಿದವರು ಎದೆಯ ಮೇಲೆ ಕೈಯಿಟ್ಟು, ನಿಮ್ಮಲ್ಲೇ ಇರಲಿ, ಅಲ್ಲಾಹು ಬರಕತ್ ಕೊಡಲಿ ಅನ್ನಬೇಕು. ಅಬು ಜಾಸಿಮ್ ಹಾಗೆಯೇ ಅನ್ನುತ್ತಿದ್ದರು. ಮಗ ಜಾಸಿಮ್ ಅನ್ನುತ್ತಿರಲಿಲ್ಲ. ಅವನಿಗೆ ಅಪ್ಪನ ನಾಲಗೆ ಬಂದಿರಲಿಲ್ಲ, ಕೈ ಮಾತ್ರ ಉದ್ದ ಬಂದಿತ್ತು. ಹೀಗೆ ನಮ್ಮ ಹೊಸ ಟೇಪ್ ರೆಕಾರ್ಡರ್ ಹೋಗಿತ್ತು, ದುಬೈಯಿಂದ ತರಿಸಿದ ಬೈನಾಕ್ಯುಲರ್ ಹೋಗಿತ್ತು. ಅಂದಿನಿಂದ ಜಾಸಿಮನ ಲ್ಯಾಂಡ್ ಕ್ರೂಸರಿನ ಹಾರ್ನ್ ಕೇಳಿದರೆ ನನ್ನ ಗಂಡ ಓಡಿ ಬಂದು ಟಿವಿಯ ಮೇಲೆ ಬಟ್ಟೆ ಎಳೆಯುತ್ತಿದ್ದರು, ವಿಸಿಆರನ್ನು ಮಂಚದ ಕೆಳಗೆ ತಳ್ಳುತ್ತಿದ್ದರು. ಎಷ್ಟೋ ಸಲ ತಳ್ಳಿದವಳು ನಾನೇ.

ಆ ಸಂಜೆ ಹಾರ್ನ್ ಕೇಳಿದಾಗ ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಬೈಕಿನ ಮೇಲೆ ಬೆಡ್‌ಶೀಟು ಹೊದೆಸಿಯೇ ಇತ್ತು. ಸಫ್ವಾನ್ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ. ನನ್ನ ಗಂಡ ಜಾಸಿಮನನ್ನು ಅಂಗಡಿಯ ಹಿಂಬಾಗಿಲಿನಿಂದ ನೇರ ಅಂಗಳಕ್ಕೆ ಕರೆದುಕೊಂಡು ಬಂದರು. ಅವನು ಬಂದಾಗ ಮುಂದಿನ ಕೋಣೆಯಲ್ಲೇ ಕೂರಿಸುತ್ತಿದ್ದರು, ಎಂದೂ ಅಂಗಳಕ್ಕೆ ಕರೆದವರಲ್ಲ. ಬಂದು, ತಮ್ಮ ಕೈಯಾರೆ ಆ ಬೆಡ್‌ಶೀಟನ್ನು ಎಳೆದರು.

“ನೋಡಿ ಶೇಖ್, ನಮ್ಮ ಹುಡುಗ ಹೇಗೆ ಮಾಡಿದ್ದಾನೆ!” ಎಂದರು ಅರಬಿಯಲ್ಲಿ.

ಜಾಸಿಮ್ ಸೀಟಿನ ಮೇಲೆ ಕೂತು ಎರಡು ಸಲ ಕುಪ್ಪಳಿಸಿದ. ಶಾಕ್ ಕುಸಿಯಿತು, ಎದ್ದಿತು. “ಹಿಲೂ, ವಲ್ಲಾಹ್ ಹಿಲೂ” ಎಂದ. ಚೆಂದ ಉಂಟು, ದೇವರಾಣೆ ಚೆಂದ ಉಂಟು ಎಂದು.

“ತಫದ್ದಲ್” ಎಂದರು ನನ್ನ ಗಂಡ.

ಜಾಸಿಮ್ ಎದೆಯ ಮೇಲೆ ಕೈ ಇಡಲಿಲ್ಲ. ಹ್ಯಾಂಡಲ್ ಮೇಲೆ ಇಟ್ಟ. ನಾಳೆ ರೇಸ್ ಇದೆಯಲ್ಲ, ಒಳ್ಳೆಯದೇ ಆಯಿತು, ಬೆಳಿಗ್ಗೆ ಪಿಕಪ್ ಕಳಿಸುತ್ತೇನೆ ಎಂದ. ಸಫ್ವಾನನ ಕಡೆ ತಿರುಗಿ, ಹುಡುಗನೂ ಜೊತೆಯಲ್ಲಿ ಬರಲಿ, ಹಿಡಿದುಕೊಳ್ಳಲು ಒಬ್ಬ ಬೇಕು ಎಂದ. ಸಫ್ವಾನ್ ಒದ್ದೆ ಕೈಯಲ್ಲೇ ನಿಂತಿದ್ದ. ಭಾವನ ಮುಖ ನೋಡಿದ, ನನ್ನ ಕಿಟಕಿಯ ಕಡೆ ನೋಡಿದ. ಆಮೇಲೆ ಸುತ್ತಿಗೆ ತೆಗೆದುಕೊಂಡು ಕುಕ್ಕರುಗಾಲಲ್ಲಿ ಕೂತು ಸ್ಪ್ರಿಂಗಿನ ಬಳೆಯನ್ನು ತಟ್ಟಿ ಬಿಗಿ ಮಾಡತೊಡಗಿದ. ಜಾಸಿಮ್ ಇವನಿಗಿಂತ ದಪ್ಪ, ಆ ಭಾರಕ್ಕೆ ಸ್ಪ್ರಿಂಗ್ ಇನ್ನಷ್ಟು ಬಿಗಿ ಬೇಕಿತ್ತು.

ಜಾಸಿಮ್ ಹೋದ ಮೇಲೆ ಗಂಡನನ್ನು ಅಡುಗೆಮನೆಗೆ ಕರೆದೆ.

“ಬಾಯಿ ತಪ್ಪಿ ಬಂತು” ಎಂದರು. “ಅಭ್ಯಾಸ ಅಲ್ವಾ? ಅವನು ತಗೊಳ್ತಾನೆ ಅಂತ ಯಾರಿಗೆ ಗೊತ್ತುಂಟು?”

“ಯಾರಿಗೆ ಗೊತ್ತುಂಟಾ? ಟಿವಿಗೆ ಬಟ್ಟೆ ಹಾಕುವವರಿಗೆ ಗೊತ್ತುಂಟು. ಬೈಕಿನ ಬಟ್ಟೆ ಎಳೆದವರಿಗೂ ಗೊತ್ತುಂಟು.”

ಅವರು ಮುಖವಾಡ ತೆಗೆದಿಟ್ಟರು. “ಅವನು ಹೋದ್ರೆ ಮಾರ್ಕೆಟ್ಟಿಗೆ ಯಾರು ಹೋಗುದು, ನೀನಾ? ನಿನ್ನ ತಮ್ಮನನ್ನು ನಾನು ಇಲ್ಲಿಗೆ ತಂದದ್ದು ಬೈಕ್ ಹಾರಿಸ್ಲಿಕ್ಕಾ? ಸೊಂಟ ಮುರ್ಕೊಂಡು ಬಿದ್ರೆ ನಿನ್ನ ಉಮ್ಮನಿಗೆ ಉತ್ತರ ಕೊಡ್ಬೇಕಾದವ ನಾನು. ಬೈಕ್ ಹೋಯ್ತು, ಹುಚ್ಚೂ ಹೋಗ್ತದೆ. ಖಲಾಸ್.”

ಮನುಷ್ಯ ಕೆಟ್ಟದ್ದು ಮಾಡಿ ಅದಕ್ಕೆ ಒಳ್ಳೆಯ ಹೆಸರು ಇಟ್ಟರೆ ಅವನ ಜೊತೆ ಜಗಳ ಆಡುವುದು ಕಷ್ಟ. ನಾನು ತಟ್ಟೆ ಕುಕ್ಕಿದೆ, ಅಷ್ಟೇ.

ಶುಕ್ರವಾರ ಸಫ್ವಾನ್ ಜಾಸಿಮನ ಪಿಕಪ್ಪಿನ ಹಿಂದೆ ಬೈಕ್ ಹಿಡಿದುಕೊಂಡು ಹೋದ, ಕತ್ತಲಾಗುವಾಗ ತಲೆ ತುಂಬ ಮರಳು ಹೊತ್ತು ಬಂದ. ಜಾಸಿಮ್ ಬೀಳದೆ ಮುಗಿಸಿದನಂತೆ, ಮೂರನೆಯವನಾಗಿ. ಅವನು ಇಡೀ ವರ್ಷದಲ್ಲಿ ಮುಗಿಸಿದ ಮೊದಲ ರೇಸು ಅದೇ ಅಂತೆ. “ಶಾಕ್ ಚೆಂದ ಕೆಲಸ ಮಾಡ್ತು ಅಕ್ಕ” ಎಂದ. ಅದನ್ನು ಹೇಳುವಾಗ ಅವನ ಮುಖದಲ್ಲಿ ಒಂದು ಸಣ್ಣ ಹೆಮ್ಮೆಯಿತ್ತು. ಆ ಹೆಮ್ಮೆ ನೋಡಿ ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು.

ಆದರೆ ಇನ್ನೂ ಒಂದು ಸುದ್ದಿ ತಂದಿದ್ದ, ಅದನ್ನು ಭಾವನಿಗೆ ಕೇಳದ ಹಾಗೆ ನನಗೆ ಮಾತ್ರ ಹೇಳಿದ. ಮರಳಿನಲ್ಲಿ ಲಿಯೋನ ಧಣಿ ಜಾಸಿಮನ ಬೈಕ್ ದಿಬ್ಬ ಹಾರಿ ನೆಲಕ್ಕಿಳಿಯುವ ರೀತಿ ನೋಡಿ, ಈ ಶಾಕ್ ಯಾರು ಕಟ್ಟಿದ್ದು ಎಂದು ಕೇಳಿದರಂತೆ. ಲಿಯೋ ಇವನನ್ನು ತೋರಿಸಿದ. ಓಡಿಸುವುದು ಆಮೇಲೆ ನೋಡುವ, ಮೊದಲು ಮೆಕ್ಯಾನಿಕ್ ಆಗಿ ಬರಲಿ, ಒಂದು ವಾರದೊಳಗೆ ರಿಲೀಸ್ ತಂದರೆ ಕೆಲಸ ಇವನದ್ದೇ, ಇಲ್ಲದಿದ್ದರೆ ಇನ್ನೊಬ್ಬ ಫಿಲಿಪೀನ್ಸಿನವನು ಕಾದಿದ್ದಾನೆ ಎಂದರಂತೆ.

“ಹಾಗಾದರೆ ಅಬು ಜಾಸಿಮರ ಹತ್ತಿರ ಹೋಗಿ ಕೇಳು” ಎಂದೆ.

“ಭಾವ ಇರುವಾಗ ನಾನು ಹೇಗೆ ಕೇಳುದು?” ಎಂದ.

ಕೇಳಲು ಹೋಗುವ ಕಷ್ಟವೂ ಬರಲಿಲ್ಲ. ಶನಿವಾರ ಸಂಜೆ ಅಸರ್ ನಮಾಜಿನ ನಂತರ ಅಬು ಜಾಸಿಮರೇ ನಮ್ಮ ಮನೆಗೆ ಬಂದರು. ಮಗ ಬೀಳದೆ ರೇಸ್ ಮುಗಿಸಿದ ಖುಷಿಯಲ್ಲಿ ಒಂದು ಪೆಟ್ಟಿಗೆ ಖರ್ಜೂರ ಹಿಡಿಸಿಕೊಂಡು ಬಂದಿದ್ದರು. ಅಂಗಡಿಯ ಹೊರಗೆ ಕಾರಲ್ಲೇ ಕೂತು ಮಾತಾಡಿ ಹೋಗುವವರು ಅಂದು ಒಳಗೆ ಬಂದು ನಮ್ಮ ಸೋಫಾದ ಮೇಲೆ ಕೂತರು. ನಾನು ಪರದೆಯ ಹಿಂದೆ ಹಾಲು ಹಾಕದ ಸುಲೈಮಾನಿ ಚಹಾ ಕುದಿಸುತ್ತಾ ಕಿವಿ ಕೊಟ್ಟು ನಿಂತೆ. ಅವರ ಮನೆಯ ಹೆಂಗಸರ ಜೊತೆ ವರ್ಷಗಟ್ಟಲೆ ಕೂತು ನನಗೆ ಅರಬಿ ನನ್ನ ಗಂಡನಿಗಿಂತ ಚೆನ್ನಾಗಿ ಬರುತ್ತಿತ್ತು.

“ಆ ಹುಡುಗನನ್ನು ಕರೆ” ಎಂದರು. ಸಫ್ವಾನ್ ಬಂದು ಬಾಗಿಲ ಬಳಿ ಕೈ ಕಟ್ಟಿ ನಿಂತ. “ನೀನು ನನ್ನ ಮಗನ ಬೆನ್ನು ಉಳಿಸಿದೆ. ಹೇಳು, ನಿನಗೆ ಏನು ಬೇಕು? ನನ್ನ ಕೈಲಿ ಆಗುವುದನ್ನು ಕೊಡುತ್ತೇನೆ.”

ಸಫ್ವಾನ್ ಬಾಯಿ ತೆರೆಯುವ ಮೊದಲೇ ನನ್ನ ಗಂಡ ತೆರೆದರು. “ಅವನಿಗೆ ಎಂಥದ್ದು ಶೇಖ್, ನಿಮ್ಮ ದಯೆಯಿಂದ ಎಲ್ಲ ಉಂಟು. ನಿಮ್ಮ ದುಆ ಇದ್ದರೆ ಸಾಕು.”

ನಾನು ಶಾಲು ಎಳೆದುಕೊಂಡು ಚಹಾದ ತಟ್ಟೆ ಹಿಡಿದು ಪರದೆ ಸರಿಸಿ ಹೋದೆ. ಗಂಡಸರು ಕೂತಲ್ಲಿಗೆ ನಾನು ಹೋಗುವ ವಾಡಿಕೆಯಿಲ್ಲ. ತಟ್ಟೆ ಮೇಜಿನ ಮೇಲಿಟ್ಟು ಹೇಳಿದೆ: “ಅವನಿಗೆ ರಿಲೀಸ್ ಬೇಕು ಬಾಬಾ. ಒಂದು ಕಡೆ ಒಳ್ಳೆಯ ಕೆಲಸ ಸಿಕ್ಕಿದೆ. ಇವರ ಹೆದರಿಕೆಯಿಂದ ಕೇಳುತ್ತಿಲ್ಲ.”

ಹೇಳುವಾಗ ನನ್ನ ಗಂಡನ ಮುಖ ನಾನು ನೋಡಲಿಲ್ಲ, ನೋಡಿದ್ದರೆ ಹೇಳಲು ಆಗುತ್ತಿರಲಿಲ್ಲ. ಅಬು ಜಾಸಿಮ್ ನನ್ನನ್ನು ನೋಡಿದರು, ನನ್ನ ಗಂಡನನ್ನು ನೋಡಿದರು, ಕೊನೆಗೆ ಸಫ್ವಾನನ ಕಡೆ ತಿರುಗಿದರು. ಸಿಟ್ಟಾಗಿರಲಿಲ್ಲ. ನಿಧಾನಕ್ಕೆ, ಇವನಿಗೆ ಅರ್ಥವಾಗುವಂತೆ ಒಂದೊಂದೇ ಮಾತು ಬಿಡಿಸಿ ಕೇಳಿದರು.

“ನಿನಗೆ ರಿಲೀಸ್ ಬೇಕಾ ಮಗ? ಬೇಕಾದರೆ ನಾಳೆಯೇ ಬರೆದುಕೊಡುತ್ತೇನೆ.”

ಸಫ್ವಾನ್ ಕಾಲಿನ ಹೆಬ್ಬೆರಳು ನೋಡಿದ. ಕಿವಿಯವರೆಗೆ ಕೆಂಪಾಗಿದ್ದ.

“ಲಾ, ಬಾಬಾ” ಎಂದ. “ಮಾಫಿ.” ಇಲ್ಲ, ಏನೂ ಬೇಡ ಎಂದು.

ಮುದುಕರು ಇನ್ನೂ ಅವನನ್ನೇ ನೋಡುತ್ತಿದ್ದರು. ಆ ಮೌನವನ್ನು ಹೇಗಾದರೂ ತುಂಬಬೇಕೆಂದೋ ಏನೋ, ಇವನು ಹರಕು ಅರಬಿಯಲ್ಲಿ ಮುಂದುವರಿಸಿದ. ಬೈಕಿನ ಶಾಕಿನಲ್ಲಿ ಲಾರಿ ಟಯರಿನ ಗಾಳಿ ಇದೆ, ಇನ್ನೊಂದು ರೇಸಿಗೆ ಅದನ್ನು ನಂಬುವಂತಿಲ್ಲ, ಒಂದು ಸಿಲಿಂಡರ್ ನೈಟ್ರೋಜನ್ ಸಿಕ್ಕಿದರೆ ಜಾಸಿಮನಿಗೆ ಅಪಾಯವಿಲ್ಲ ಎಂದ.

ಅಬು ಜಾಸಿಮರ ಕಣ್ಣು ತುಂಬಿ ಬಂತು. ಎದ್ದು ಹೋಗಿ ಇವನ ತಲೆಯ ಮೇಲೆ ಕೈ ಇಟ್ಟರು. ತನಗೇನೂ ಕೇಳದೆ ನನ್ನ ಮಗನ ಬಗ್ಗೆ ಕೇಳಿದ, ಇಂಥ ಹುಡುಗ ಇರುವ ಮನೆಗೆ ಬರಕತ್ ಎಂದು ನನ್ನ ಗಂಡನಿಗೆ ಹೇಳಿದರು. ನನ್ನ ಕಡೆ ನೋಡಿ, “ಮಗಳೇ, ನೀನು ಸುಮ್ಮನೆ ಹೆದರಿದ್ದೀಯ” ಎಂದರು. ಚಹಾ ಕುಡಿದು ಹೊರಟರು. ನನ್ನ ಗಂಡ ಕಾರಿನವರೆಗೂ ಹೋಗಿ ಬಾಗಿಲು ತೆರೆದುಕೊಟ್ಟರು.

ನಾನು ಸಫ್ವಾನನ ಅಂಗಿ ಹಿಡಿದೆ. “ನಿನಗೆ ತಲೆ ಸರಿ ಉಂಟಾ? ಕೊಡ್ತೇನೆ ಅಂತ ಅವರ ಬಾಯಲ್ಲೇ ಬಂತಲ್ಲ! ಹೌದು ಅಂತ ಒಂದು ಮಾತು ಹೇಳ್ಲಿಕ್ಕೆ ನಿನ್ನ ನಾಲಗೆ ಬಿದ್ದು ಹೋಗಿತ್ತಾ?”

“ಭಾವನ ಎದುರು ಒಂದೇ ಸಲಕ್ಕೆ ಬೇಕು ಅಂತ ಹೇಗೆ ಹೇಳುದು ಅಕ್ಕ? ನಾಚಿಕೆ ಇಲ್ಲದವನ ಹಾಗೆ?” ಅವನ ಕಣ್ಣಲ್ಲಿ ನೀರಿತ್ತು. “ಇನ್ನೊಂದು ಸಲ ಕೇಳ್ತಾರೆ ಅಂತ ಕಾದೆ.”

ನನ್ನ ಕೈ ಅವನ ಅಂಗಿಯಿಂದ ತಾನಾಗಿ ಜಾರಿತು. ನಮ್ಮ ಊರಿನ ಮರ್ಯಾದೆ ಅದು. ಹಸಿದು ಸಾಯುತ್ತಿದ್ದರೂ ಮೊದಲ ಸಲ ಬೇಡ ಅನ್ನಬೇಕು. ಬಡಿಸುವವರು ಕೈ ಹಿಡಿದು, ಅಲ್ಲಾಹುವಿನ ಆಣೆ ಹಾಕಿ, ತಟ್ಟೆಗೆ ಸುರಿಯಬೇಕು. ಅವನಿಗೆ ಹಾಗೆ ಕಲಿಸಿದ್ದು ಉಮ್ಮ. ಕೈ ಹಿಡಿದು ಸುರಿದವಳು ನಾನು. ಆ ಮುದುಕರಿಗೆ ಇದನ್ನೆಲ್ಲ ಯಾರು ಹೇಳಬೇಕಿತ್ತು? ಅವರು ಕೇಳಿದರು, ಇವನು ಬೇಡ ಎಂದ, ಅವರು ನಂಬಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಗಂಡನ ಮೇಲೆ ಇದ್ದ ಸಿಟ್ಟು ಇದ್ದಲ್ಲೇ ಇದೆ. ತಮ್ಮನ ಮೇಲೆ ಹುಟ್ಟಿದ ಸಿಟ್ಟು ಮಾತ್ರ ಬೇರೆ ಜಾತಿಯದು, ಅದಕ್ಕೆ ಔಷಧ ಇಲ್ಲ.

ಮತ್ತೊಮ್ಮೆ ಹೋಗಿ ಕೇಳು ಎಂದು ಆ ವಾರ ಪೂರ್ತಿ ಹೇಳಿದೆ. ಬೇಡ ಎಂದು ಹೇಳಿಯಾಗಿದೆ, ಈಗ ಹೋದರೆ ಮಾತಿಗೆ ಬೆಲೆ ಏನು ಎಂದ. ನಾನೇ ಹೋಗುತ್ತೇನೆ ಎಂದರೆ, ನಾನು ಅವರೆದುರು ಸುಳ್ಳು ಹೇಳಿದ ಹಾಗೆ ಆಗುತ್ತದೆ, ನನ್ನ ಮೇಲಾಣೆ ಹೋಗಬೇಡ ಎಂದು ನನ್ನ ಕೈ ಕಟ್ಟಿದ. ಲಿಯೋ ಎರಡು ಸಲ ಅಂಗಡಿಗೆ ಬಂದು ಹೋದ, ಮೂರನೆಯ ಸಲ ಬರಲಿಲ್ಲ. ನನ್ನ ಗಂಡ ಆ ಶನಿವಾರದ ಬಗ್ಗೆ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಗೆದ್ದವರಿಗೆ ಬೈಯುವ ಅಗತ್ಯವಿಲ್ಲ.

ಅಬು ಜಾಸಿಮ್ ಕೊಟ್ಟ ಮಾತು ತಪ್ಪುವವರಲ್ಲ. ಆ ವಾರದ ಕೊನೆಗೆ ಒಂದು ಪಿಕಪ್ಪಿನಲ್ಲಿ ನೈಟ್ರೋಜನ್ ಸಿಲಿಂಡರ್ ಬಂತು, ನನ್ನಷ್ಟೇ ಎತ್ತರ, ಜೊತೆಗೆ ಗೇಜು, ಪೈಪು ಎಲ್ಲ ಹೊಸದು. ಹಿಂದಿನಿಂದ ಜಾಸಿಮನ ಬೈಕೂ ಬಂತು. ಸಫ್ವಾನ್ ಅಂಗಳ ಗುಡಿಸಿ ನೀರು ಚಿಮುಕಿಸಿದ, ಚಾಪೆ ಹಾಸಿದ, ಶಾಕ್ ಕಳಚಿ ವೈಸಿಗೆ ಸಿಕ್ಕಿಸಿದ. ಆಮೇಲೆ ಅಡುಗೆಮನೆಯ ಕಿಟಕಿಯ ಕಡೆ ತಿರುಗಿ ಕರೆದ.

“ಅಕ್ಕ, ಪೈಪ್ ಸ್ವಲ್ಪ ಹಿಡೀತೀಯಾ?”

“ಭಾವನನ್ನು ಕರೆ” ಎಂದೆ.

ಅವನು ಕರೆದ. ನನ್ನ ಗಂಡ ಲುಂಗಿ ಎತ್ತಿ ಕಟ್ಟಿಕೊಂಡು ಬಂದು, ಎಲ್ಲಿ ಹಿಡಿಯಬೇಕೆಂದು ಕೇಳಿ, ಅವನು ತೋರಿಸಿದಲ್ಲಿ ಹಿಡಿದರು.